ಸತ್ಯಾಂಶ: ಜೋಳದ ರೊಟ್ಟಿ ತಿಂದರೆ ಹೃದಯಾಘಾತ ಬರುವುದಿಲ್ಲವೇ?

‘ಹೃದಯಾಘಾತ ಬೆಂಗಳೂರಿನವರ ಕಾಯಿಲೆ, ಜೋಳದ ರೊಟ್ಟಿ ತಿನ್ನುವ ಕಲಬುರಗಿಯವರನ್ನು ಅದು ಮುಟ್ಟುವುದಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ರೊಟ್ಟಿಯ ಮೇಲಿನ ಅಭಿಮಾನ ಸರಿ, ಉಳಿದದ್ದು ಸರಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತಿತರ ಸಂಸ್ಥೆಗಳ ಅಂದಾಜಿನಂತೆ, 1990ರಲ್ಲಿ ದೇಶದ ಸಾವುಗಳ ಪೈಕಿ ಸುಮಾರು ಶೇ 38ಕ್ಕೆ ಅಸಾಂಕ್ರಾಮಿಕ ರೋಗಗಳು, ಅಂದರೆ ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳು, ಕಾರಣವಾಗಿದ್ದವು. 2016ರಲ್ಲಿ ಅದು ಶೇ 62ರ ಹತ್ತಿರಕ್ಕೆ ಏರಿತು. ಇವುಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ ಮುಂದೆ. ಇಂಥ ರೋಗಗಳಿಂದ 30ರಿಂದ 70 ವರ್ಷದೊಳಗೆ ಸಂಭವಿಸುವ ಸಾವನ್ನು ವಿಶ್ವ ಆರೋಗ್ಯ ಸಂಸ್ಥೆ ಅಕಾಲಿಕ ಎಂದು ಎಣಿಸುತ್ತದೆ. ಹಳ್ಳಿಗಳೂ ಈ ಲೆಕ್ಕದ ಹೊರಗಿಲ್ಲ.

ಜೋಳದಲ್ಲಿ ನಾರಿನಂಶವಿದೆ, ಒಳ್ಳೆಯದೇ. ಆದರೆ ಅದರ ಜೊತೆಗೆ ದಂಡಿಯಾಗಿ ಉಪ್ಪಿನಕಾಯಿ, ಊಟವಾದ ಮೇಲೆ ಬೀಡಿ ಅಥವಾ ಗುಟ್ಕಾ ಇದ್ದರೆ ರೊಟ್ಟಿಯೊಂದೇ ಏನು ಮಾಡೀತು? ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಅದು ಹೃದಯಕ್ಕೆ ಅಪಾಯ. ಏರಿದ ರಕ್ತದೊತ್ತಡ ಬಹಳ ಸಲ ತಲೆನೋವಿನ ಸುಳಿವನ್ನೂ ಕೊಡುವುದಿಲ್ಲ. ‘ನಾನು ಗಟ್ಟಿಯಾಗಿದ್ದೇನೆ’ ಎನ್ನುವವರಲ್ಲೂ ಅಡಗಿರಬಹುದು. ಅಳೆದರೆ ಮಾತ್ರ ತಿಳಿಯುತ್ತದೆ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.

ಎದೆ ಹಿಂಡಿದಂತಾಗಿ ಬೆವರು ಇಳಿದರೆ, ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ.