ಗರ್ಭಗುಡಿಯ ಪೆಂಗ್ವಿನ್

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಒಳಗಿನ ಸಂಕೇತವನ್ನು ನೋಡಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶದ ಮೇಲೆ ಭಾರತ ಸರ್ಕಾರಕ್ಕೆ ಎಂಥ ಪ್ರೀತಿ ಇದೆಯೆಂದು ತಿಳಿಯಬೇಕಾದವರು 2015ರಲ್ಲಿ ಹೊರಟ ನೀತಿಯನ್ನು ಓದಬೇಕು. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೇ ಆದ್ಯತೆ, ಅದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಏಕೆಂದು ಕಾರಣ ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಇದನ್ನು ನಂಬಿ ಮನೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ಒಂದು ರೂಪವಾದ ಉಬುಂಟು ಹಾಕಿಕೊಂಡ ಪ್ರಜೆಯು ಸರ್ಕಾರಿ ಅರ್ಜಿಯೊಂದನ್ನು ಇಳಿಸಿಕೊಂಡು ತೆರೆದರೆ, ಎಷ್ಟೋ ಸಲ ಕಾಣುವುದು ಒಂದೇ ಸಂದೇಶ: ದಯವಿಟ್ಟು ಕಾಯಿರಿ.

ಕಾಯಬಹುದು, ಅವಸರವೇನಿಲ್ಲ. ಅದು ಎಕ್ಸ್‌ಎಫ್‌ಎ ಎಂಬ, ತುಂಬುವ ಅರ್ಜಿಗಳಿಗೆಂದೇ ಮಾಡಿದ ಬಗೆಯ ಪಿಡಿಎಫ್. ಅದಕ್ಕೆ ಅಡೋಬಿ ರೀಡರೇ ಬೇಕು, ಆ ರೀಡರಾದರೋ 2013ರ ನಂತರ ಲಿನಕ್ಸಿನ ಕಡೆ ತಿರುಗಿ ನೋಡಿಲ್ಲ. 2017ರ ಪಿಡಿಎಫ್ 2.0 ಮಾನದಂಡವೇ ಎಕ್ಸ್‌ಎಫ್‌ಎಗೆ ಎಳ್ಳುನೀರು ಬಿಟ್ಟಿತು; ಫೈರ್‌ಫಾಕ್ಸ್ ಬ್ರೌಸರಿನವರು ಮಾತ್ರ 2021ರಲ್ಲಿ ಕರುಣೆಯಿಂದ ಅಂಥ ಅರ್ಜಿಗಳನ್ನು ತೆರೆಯುವ ಉಪಾಯ ಮಾಡಿಕೊಟ್ಟರು. ಅರ್ಜಿ ತೆರೆಯಿತೆಂದು ಹಿಗ್ಗಬೇಡಿ, ಡಿಜಿಟಲ್ ಸಹಿ ಬಾಕಿಯಿದೆ. ಸಹಿಯ ಕೀಲಿಯಿರುವ ಯುಎಸ್‌ಬಿ ಟೋಕನ್ನಿನ ಜೊತೆ ಮಾತಾಡುವ ತಂತ್ರಾಂಶ ಎಷ್ಟೋ ಸಲ ವಿಂಡೋಸಿಗೆ ಮಾತ್ರ ಸಿಗುತ್ತದೆ.

ತಮಾಷೆಯೆಂದರೆ, ಅರ್ಜಿಯನ್ನು ಆಚೆ ಕಡೆ ಸ್ವೀಕರಿಸುವ ಸರ್ವರ್ ಬಹುತೇಕ ಲಿನಕ್ಸಿನ ಮೇಲೆಯೇ ಓಡುತ್ತಿರುತ್ತದೆ. ಆಧಾರ್ ವ್ಯವಸ್ಥೆ ನಿಂತಿರುವುದೇ ಓಪನ್ ಸೋರ್ಸ್ ತಂತ್ರಾಂಶಗಳ ಮೇಲೆ. ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ನಮ್ಮದೇ ತೆರಿಗೆಯ ಹಣದಲ್ಲಿ ‘ಬಾಸ್’ ಎಂಬ ಲಿನಕ್ಸನ್ನೂ ಮಾಡಿಟ್ಟಿದೆ. ಲಿನಕ್ಸಿನ ಲಾಂಛನ ಪೆಂಗ್ವಿನ್; ಗರ್ಭಗುಡಿಯಲ್ಲಿ ನಿತ್ಯ ಅಭಿಷೇಕ ಆ ಪೆಂಗ್ವಿನ್ನಿಗೇ, ಆದರೆ ಅದೇ ಪೆಂಗ್ವಿನ್ನನ್ನು ಕಂಕುಳಲ್ಲಿಟ್ಟುಕೊಂಡು ಬಂದ ಭಕ್ತನಿಗೆ ಹೊಸ್ತಿಲ ಒಳಗೆ ಪ್ರವೇಶವಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಈ ಸೇವೆ ಇನ್ನೂ ವಿಶೇಷ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ, ಲಿನಕ್ಸಿನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲೇ ಸಲೀಸಾಗಿ ಟೈಪಿಸಬಹುದು. ಆದರೂ ಕಚೇರಿಗಳಿಂದ ಬರುವ ಕಡತಗಳಲ್ಲಿ ಈಗಲೂ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕುವ ಹಳೆಯ ‘ನುಡಿ 01 ಇ’ ಅಕ್ಷರಶೈಲಿ ವಿರಾಜಮಾನವಾಗಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದದ ಮೊದಲಕ್ಷರದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ಅದರ ನೆತ್ತಿಯ ಮೇಲೆ ಗೀರು ಹೊತ್ತ ‘ಎ’, ಆಮೇಲೆ ‘ನ’ಕಾರದ ಜಾಗದಲ್ಲಿ ಸಾಕ್ಷಾತ್ ಬ್ರಿಟಿಷ್ ಪೌಂಡಿನ ಚಿಹ್ನೆ. ‘ನಾಡು’ ಎಂದರೂ ಪೌಂಡು, ‘ನುಡಿ’ ಎಂದರೂ ಪೌಂಡು. ಬ್ರಿಟಿಷರು ದೇಶ ಬಿಟ್ಟು ಎಷ್ಟು ಕಾಲವಾದರೇನು, ನಮ್ಮ ಸುತ್ತೋಲೆಗಳ ಒಳಗೆ ಅವರ ನಾಣ್ಯ ಇನ್ನೂ ಚಲಾವಣೆಯಲ್ಲಿದೆ. ಆ ಫಾಂಟನ್ನು ಹುಡುಕಿ ತಂದು ಹಾಕಿಕೊಂಡರೆ ಕಣ್ಣಿಗೇನೋ ಕನ್ನಡವೇ ಕಾಣುತ್ತದೆ, ಆದರೆ ಹುಡುಕು ಪೆಟ್ಟಿಗೆಯಲ್ಲಿ ‘ಕನ್ನಡ’ ಎಂದು ಬರೆದರೆ ಹತ್ತು ಪುಟದ ಕನ್ನಡ ಆದೇಶದಲ್ಲಿ ಅಂಥ ಪದವೇ ಇಲ್ಲವೆಂಬ ಉತ್ತರ ಬರುತ್ತದೆ. ರಾಜ್ಯೋತ್ಸವದ ಆಹ್ವಾನ ಪತ್ರಿಕೆಗೂ ಇದೇ ಗತಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಆ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯನ್ನೇ ಲಿನಕ್ಸಿನಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಅದು ಸಾಧ್ಯವಿಲ್ಲವೆಂದು ಯಾರೂ ಹೇಳುವುದಿಲ್ಲ, ಮಾಡುವುದೂ ಇಲ್ಲ. ಸರ್ಕಾರದ ಜೊತೆ ವ್ಯವಹರಿಸಲು ಪ್ರಜೆಯು ಒಂದು ಖಾಸಗಿ ಕಂಪನಿಯ ಸರಕನ್ನೇ ಇಟ್ಟುಕೊಂಡಿರಬೇಕೆಂದು ಯಾವ ಕಾನೂನಿನಲ್ಲಿ ಬರೆದಿದೆ? ನೀತಿ ಕೇಳಿದ್ದ ಆ ‘ಕಾರಣ’ವನ್ನು ಒಬ್ಬ ಅಧಿಕಾರಿಯಾದರೂ ಬರೆದು ಕೊಟ್ಟಿದ್ದಾರೆಯೇ?

ಸಹಾಯವಾಣಿಗೆ ಕರೆ ಮಾಡಿದರೆ ಪರಿಹಾರವೇನೋ ಸಿಗುತ್ತದೆ: “ಸೈಬರ್ ಸೆಂಟರಿಗೆ ಹೋಗಿ ಮಾಡಿಸಿಕೊಳ್ಳಿ ಸರ್.” ಹೋಗಬೇಕು. ಬೇರೆ ಯಾರೂ ಮುಟ್ಟಬಾರದೆಂದು ಕೊಟ್ಟ ಸಹಿಯ ಟೋಕನ್ನನ್ನು ಅಲ್ಲಿನ ಹುಡುಗನ ಕೈಗಿತ್ತು, ಅದರ ಪಿನ್ನನ್ನು ಕ್ಯೂನಲ್ಲಿರುವ ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕು. ಪದೇ ಪದೇ ಬರುವ ಗುತ್ತಿಗೆದಾರರು ಈ ತಾಪತ್ರಯವೇ ಬೇಡವೆಂದು ಟೋಕನ್ನನ್ನು ಅವನ ಡ್ರಾಯರಿನಲ್ಲೇ ಬಿಟ್ಟಿರುತ್ತಾರೆ, ಪಿನ್ ಬರೆದ ಚೀಟಿ ಅಂಟಿಸಿ.