ಷರಿಯಾಕ್ಕೂ ಮೊದಲೇ ಮುರಿದಿತ್ತು

1983ರ ಸೆಪ್ಟೆಂಬರಿನಲ್ಲಿ ಷರಿಯಾ ಕಾನೂನು ಬಂದಿದ್ದರಿಂದಲೇ ದಕ್ಷಿಣ ಸುಡಾನಿನ ಸ್ವಾಯತ್ತ ಆಡಳಿತ ಬಿದ್ದುಹೋಯಿತು ಅಂತ ಲೇಖನದಲ್ಲಿದೆ. ಇದನ್ನು ಒಪ್ಪೋದು ಕಷ್ಟ. ಜೂನ್‌ನಲ್ಲೇ ಸುಡಾನಿನ ಅಧ್ಯಕ್ಷ ನಿಮೇರಿ ಒಂದು ಆದೇಶ ಹೊರಡಿಸಿ ದಕ್ಷಿಣವನ್ನು ಮೂರು ತುಂಡು ಮಾಡಿದ್ದರು. 1972ರಲ್ಲಿ ದಕ್ಷಿಣಕ್ಕೆ ಸ್ವಾಯತ್ತತೆ ಕೊಟ್ಟ ಆಡಿಸ್ ಅಬಾಬಾ ಒಪ್ಪಂದ ಮಾಡಿಕೊಂಡು ಉತ್ತರ-ದಕ್ಷಿಣದ ಯುದ್ಧ ನಿಲ್ಲಿಸಿದವರೂ ಅವರೇ ಅಲ್ವಾ! ಆಗ ದಕ್ಷಿಣದ ರಾಜಧಾನಿ ಜೂಬಾದಲ್ಲಿ ಶಾಸನಸಭೆ ಬಂತು, ದಕ್ಷಿಣದ ನಾಯಕ ಅಬೆಲ್ ಅಲಿಯೆರ್ ಸರ್ಕಾರ ನಡೆಸಿದರು, ಕಾಡಿನಲ್ಲಿದ್ದ ದಕ್ಷಿಣದ ಬಂಡುಕೋರ ಪಡೆ ಅನ್ಯಾನ್ಯದ ಹೋರಾಟಗಾರರು ಸೇನೆ ಸೇರಿದರು.

ನನ್ನ ಪ್ರಕಾರ ಕೆಡಿಸಿದ್ದು ಕಚ್ಚಾ ಎಣ್ಣೆ. 1978ರಲ್ಲಿ ದಕ್ಷಿಣದ ಬೆಂಟಿಯು ಪಟ್ಟಣದ ಹತ್ತಿರ ಷೆವ್ರಾನ್ ಕಂಪನಿಗೆ ಎಣ್ಣೆ ಸಿಕ್ಕಿತು. 1980ರಲ್ಲಿ ಖಾರ್ಟೂಮ್‌ನ ಕೇಂದ್ರ ಸರ್ಕಾರ ಆ ಜಾಗವನ್ನು ಉತ್ತರಕ್ಕೆ ಸೇರಿಸುವ ಹಾಗೆ ಗಡಿ ಬದಲಾಯಿಸಲು ಹೊರಟಿತು. ಸಂಸ್ಕರಣಾ ಘಟಕವನ್ನೂ ಬೆಂಟಿಯು ಬಿಟ್ಟು ಉತ್ತರದ ಕೋಸ್ತಿಗೆ ಕೊಡಲು ನೋಡಿದರು. ಜೊಂಗ್ಲೈ ಕಾಲುವೆಯ ಕಥೆಯೂ ಹಾಗೇ. ದಕ್ಷಿಣದಲ್ಲಿ 360 ಕಿ.ಮೀ. ಅಗೆದು ನೈಲ್ ನೀರನ್ನು ಉತ್ತರಕ್ಕೂ ಈಜಿಪ್ಟಿಗೂ ಒಯ್ಯುವ ಯೋಜನೆ ಅದು. ದಕ್ಷಿಣದವರ ದನ ಮೇಯಲು ಹೋಗುವ ದಾರಿಗೆ ಅದು ಅಡ್ಡ. ಈ ಯೋಜನೆ ವಿರೋಧಿಸಿ 1974ರಲ್ಲೇ ಜೂಬಾದಲ್ಲಿ ಗಲಭೆ ಆಗಿತ್ತು.

ದಕ್ಷಿಣದ ನಾಯಕರನ್ನೂ ಸುಮ್ನೆ ಬಿಡುವಂತಿಲ್ಲ. ದಕ್ಷಿಣದ ಅತಿ ದೊಡ್ಡ ಬುಡಕಟ್ಟಾದ ಡಿಂಕಾಗಳದ್ದೇ ಜಾಸ್ತಿ ನಡೆಯುತ್ತದೆ ಎಂಬ ಅಸಮಾಧಾನ ಜೂಬಾ ಸುತ್ತಲಿನ ಈಕ್ವಟೋರಿಯಾ ಪ್ರದೇಶದವರಲ್ಲಿತ್ತು. ಅನ್ಯಾನ್ಯದ ಮುಂದಾಳಾಗಿದ್ದ ಜೋಸೆಫ್ ಲಾಗು ಅವರೇ ದಕ್ಷಿಣವನ್ನು ಮೂರು ಮಾಡುವ ವಿಭಜನೆ ಪರ ನಿಂತರು, ಇದು ತುಂಬಾ ನೋವಿನ ಸಂಗತಿ. 1983ರ ಮೇ ತಿಂಗಳಲ್ಲಿ ದಕ್ಷಿಣದ ಬೋರ್ ಪಟ್ಟಣದ ಸೈನಿಕರು ದಂಗೆ ಎದ್ದಾಗಲೇ ಯುದ್ಧ ಮತ್ತೆ ಶುರುವಾಗಿತ್ತು. ಲೇಖಕರು ದಯವಿಟ್ಟು ಈ ಭಾಗ ಸೇರಿಸಿ.