ಅಡ್ಜಸ್ಟ್ ಆಗ್ತವೆ ಸಾರ್

ನಮ್ಮ ಮನೆಯಲ್ಲಿ ಯಾರೂ ಒಂಟಿಯಾಗಿ ನೆಮ್ಮದಿಯಿಂದ ಇರುವ ಹಾಗಿಲ್ಲ. ಮದುವೆ ಬೇಡ ಅಂತ ಕೈಮುಗಿದ ಚಿಕ್ಕಪ್ಪನಿಗೆ ಐವತ್ತು ದಾಟಿದ ಮೇಲೂ ಅಮ್ಮ ಹೆಣ್ಣು ಹುಡುಕುತ್ತಿದ್ದಾರೆ. ಬಾಲ್ಕನಿಯಲ್ಲಿ ತುಳಸಿ ಒಂದೇ ಇದೆ ಅಂತ ಪಕ್ಕಕ್ಕೊಂದು ದೊಡ್ಡಪತ್ರೆ ತಂದು ನೆಟ್ಟಿದ್ದಾರೆ. ಇಂಥ ಮನೆಗೆ ಒಂದೇ ಒಂದು ಗೋಲ್ಡ್ ಫಿಶ್ ಬಂದರೆ ಅದರ ಗತಿ ಏನಾಗಬೇಕು ಹೇಳಿ.

ಬಂದದ್ದು ಒರಾಂಡಾ. ದುಂಡು ಹೊಟ್ಟೆ, ಎರಡಾಗಿ ಸೀಳಿದ ಉದ್ದ ಬಾಲ, ನೆತ್ತಿಯ ಮೇಲೆ ಕೆಂಪು ಗಡ್ಡೆ. ಆ ಗಡ್ಡೆ ನೋಡಿ ಅಮ್ಮನಿಗೆ ಹಳೇ ಮೈಸೂರಿನ ಫೋಟೋಗಳಲ್ಲಿರುವ ಪೇಟ ನೆನಪಾಯಿತು. "ದಿವಾನರು" ಅಂತ ಹೆಸರಿಟ್ಟರು. ಅಂದಿನಿಂದ ಮನೆಯಲ್ಲಿ ಅವರಿಗೆ ಬಹುವಚನ. ನನಗೆ ಏಕವಚನ.

ದಿವಾನರು ಮೂರಡಿ ಉದ್ದದ ಟ್ಯಾಂಕಿನಲ್ಲಿ ಒಬ್ಬರೇ ಸುಖವಾಗಿದ್ದರು. ತಿನ್ನುವುದು, ತಳದ ಕಲ್ಲನ್ನು ಬಾಯಿಗೆ ಹಾಕಿಕೊಂಡು ಉಗುಳುವುದು, ಮತ್ತೆ ಏನಾದರೂ ಸಿಗುತ್ತಾ ಅಂತ ಗಾಜಿನ ಹತ್ತಿರ ಬಂದು ನಮ್ಮ ಕೈ ನೋಡುವುದು, ಇಷ್ಟೇ ಕೆಲಸ. ಹೊರಗೆ ಅಷ್ಟು ದೊಡ್ಡ ಹೊಟ್ಟೆ ಕಂಡರೂ ಗೋಲ್ಡ್ ಫಿಶ್‌ಗೆ ಒಳಗೆ ಜಠರ ಅನ್ನುವುದೇ ಇಲ್ಲ. ತಿಂದದ್ದು ಸೀದಾ ಕರುಳಿಗೆ. ಹಾಗಾಗಿ ಊಟದ ವಿಷಯದಲ್ಲಿ ದಿವಾನರು ಇವತ್ತಿನವರೆಗೆ ಸಾಕು ಅಂದದ್ದಿಲ್ಲ. ತಿಂದದ್ದರ ಕಸವೆಲ್ಲ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಫಿಲ್ಟರಿನ ಸ್ಪಾಂಜಿನಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ದಿವಾನರ ಮಾನ ಪ್ರಾಣ ಎರಡನ್ನೂ ಉಳಿಸುತ್ತವೆ. ವಾರಕ್ಕೊಮ್ಮೆ ಬಕೆಟ್ ಹೊತ್ತು ನೀರು ಬದಲಾಯಿಸುವ ಪುಣ್ಯ ಮಾತ್ರ ನನ್ನದು.

"ಪಾಪ, ಮಾತಾಡ್ಸೋಕೂ ಯಾರೂ ಇಲ್ಲ ಕಣೋ ಅವರಿಗೆ" ಅಂತ ಅಮ್ಮ ಒಂದು ದಿನ ರಾಗ ತೆಗೆದರು. "ಇವು ಎಷ್ಟು ವರ್ಷ ಇರ್ತವೆ?"

ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಅಂದೆ. ಬಾಯಿ ಸುಮ್ಮನಿರಲಿಲ್ಲ. ಇಂಗ್ಲೆಂಡಿನಲ್ಲಿ 1956ರಲ್ಲಿ ಯಾರೋ ಜಾತ್ರೆಯಲ್ಲಿ ಗೆದ್ದು ತಂದ ಟಿಶ್ ಅನ್ನೋ ಗೋಲ್ಡ್ ಫಿಶ್ 1999ರವರೆಗೆ, 43 ವರ್ಷ ಬದುಕಿತ್ತು ಅಂತಲೂ ಸೇರಿಸಿದೆ. ಹೆಂಡತಿ ತಟ್ಟನೆ ತಲೆ ಎತ್ತಿದಳು. "ರೀ, ನಮ್ಮ ಮನೆ ಸಾಲವೇ ಇಪ್ಪತ್ತು ವರ್ಷಕ್ಕೆ ಮುಗಿಯುತ್ತೆ." ಅಮ್ಮನ ಚಿಂತೆ ಬೇರೆ. "ನಲವತ್ತಮೂರು ವರ್ಷ ಒಬ್ಬರೇ ಇರೋದಾ?"

ಅಲ್ಲಿಗೆ ದಿವಾನರಿಗೆ ಜೊತೆ ಹುಡುಕುವುದು ಖಾಯಂ ಆಯಿತು.

ಮೊದಲು ಸಲಹೆ ಕೊಟ್ಟವರು ಅಮ್ಮನ ತಮ್ಮ ನಾಣಿ ಮಾವ. ಮಾವನಿಗೆ ಜ್ಯೋತಿಷ್ಯ, ವಾಸ್ತು ಎಲ್ಲ ಮುಗಿದು ಈಗ ಫೆಂಗ್ ಶೂಯಿ ನಡೆಯುತ್ತಿದೆ. "ಒಟ್ಟು ಒಂಬತ್ತು ಇರ್ಬೇಕು ಕಣೋ. ಎಂಟು ಚಿನ್ನದ ಬಣ್ಣ, ಒಂದು ಕಪ್ಪು. ಮನೆಗೆ ಬರೋ ಕೆಟ್ಟದ್ದನ್ನೆಲ್ಲ ಆ ಕಪ್ಪು ಮೀನು ಎಳ್ಕೊಳುತ್ತೆ." ನಾನು ಲೆಕ್ಕ ಹಾಕಿದೆ. ಈ ಜಾತಿಯ ಮೊದಲನೇ ಮೀನಿಗೆ ಸುಮಾರು 75 ಲೀಟರ್ ನೀರು ಬೇಕು, ಆಮೇಲೆ ಒಂದೊಂದಕ್ಕೂ ಇನ್ನೊಂದು 40. ಒಂಬತ್ತಕ್ಕೆ ಹತ್ತಿರ ಹತ್ತಿರ 400 ಲೀಟರ್. ಅಂದರೆ ನೀರಿನ ತೂಕವೇ ನಾಲ್ಕು ಕ್ವಿಂಟಾಲ್. ಗಾಜು, ಕಲ್ಲು, ಸ್ಟ್ಯಾಂಡು ಬೇರೆ. "ಮಾವ, ಇದಕ್ಕೆ ಸಂಪೇ ಸರಿ" ಅಂದೆ. ಮಾವ ಎದ್ದು ಹೋಗಿ ನಿಜವಾಗಿಯೂ ಸಂಪಿನ ಮುಚ್ಚಳ ತೆಗೆದು ನೋಡಿ ಬಂದರು.

ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಬಲು ವಿನಯವಂತ. ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. "ಏಂಜಲ್ ತಗೊಳಿ ಸಾರ್, ಲುಕ್ ಇರುತ್ತೆ."

"ಅದು ಅಮೆಜಾನ್ ಕಡೇದು, ಬೆಚ್ಚಗಿನ ನೀರು ಬೇಕಲ್ವಾ?"

"ಅಡ್ಜಸ್ಟ್ ಆಗ್ತವೆ ಸಾರ್."

ಆಗಲ್ಲ. ಏಂಜಲ್‌ಗೆ 26 ಡಿಗ್ರಿ ಬೇಕು. ಗೋಲ್ಡ್ ಫಿಶ್ ಕಾರ್ಪ್ ಜಾತಿ, ತಣ್ಣೀರಿನ ಮೀನು, 20ರ ಆಸುಪಾಸಿನಲ್ಲಿ ಹಾಯಾಗಿರುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ಏಂಜಲ್ ಮೂಲೆ ಸೇರುತ್ತದೆ. ಅದಕ್ಕೆ ಅಂತ ಹೀಟರ್ ಹಾಕಿದರೆ ನೀರಿನ ಆಮ್ಲಜನಕ ಕಡಿಮೆಯಾಗಿ ದಿವಾನರು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಾರೆ. ಟೈಗರ್ ಬಾರ್ಬ್ ತೋರಿಸಿದ. ಅವು ಉದ್ದ ಬಾಲ ಕಂಡರೆ ಕಚ್ಚದೆ ಬಿಡುವುದಿಲ್ಲ. ಕೋರಿಡೋರಸ್ ತೋರಿಸಿದ. ಸಾಧು ಪ್ರಾಣಿ ನಿಜ, ಆದರೆ ಅದರ ರೆಕ್ಕೆಯಲ್ಲಿ ಮುಳ್ಳಿದೆ. ದಿವಾನರು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಹುಡುಗ ಹೇಳಿದ್ದು ಅದೇ ಮಾತು, ಅದೇ ನಗು. ಈ ಊರಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಬಾಡಿಗೆ ಮನೆಯ ನೀರಿನವರೆಗೆ ಎಲ್ಲದಕ್ಕೂ ಅದೇ ಉತ್ತರ ಅಲ್ವಾ. ಮೀನುಗಳಿಗೆ ಯಾರೂ ತಿಳಿಸಿಲ್ಲ, ಅಷ್ಟೇ.

ನಾನು ಬರಿಗೈಯಲ್ಲಿ ಹೊರಟೆ. ಹಿಂದೆ ಬರುತ್ತಿದ್ದ ಮಗಳ ಕೈಯಲ್ಲಿ ಮಾತ್ರ ಪ್ಲಾಸ್ಟಿಕ್ ಕವರ್. ಒಳಗೆ ಗಪ್ಪಿಗಳು. ಅಜ್ಜಿ ಮೊಮ್ಮಗಳು ಸೇರಿ ಹುಡುಗನ ಹತ್ತಿರ ವ್ಯಾಪಾರ ಮುಗಿಸಿದ್ದರು. ಅಮ್ಮ ವಿಚಾರಣೆಯನ್ನೂ ಮಾಡಿದ್ದರಂತೆ. "ಇವು ವೆಜ್ಜಾ, ನಾನ್‌ವೆಜ್ಜಾ?" "ಪ್ಯೂರ್ ವೆಜ್ ಅಮ್ಮಾ" ಅಂದಿದ್ದನಂತೆ ಆ ವಿನಯವಂತ. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಅಮ್ಮ ಗಪ್ಪಿಯ ನಡತೆ ವಿಚಾರಿಸಿದರೇ ಹೊರತು ದಿವಾನರದು ವಿಚಾರಿಸಲಿಲ್ಲ.

ಗೋಲ್ಡ್ ಫಿಶ್‌ನ ನಿಯಮ ಒಂದೇ. ಬಾಯಲ್ಲಿ ಹಿಡಿಸಿದರೆ ಅದು ಊಟ. ಮಾರನೇ ದಿನ ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ಕೂತಾಗ ದಿವಾನರ ತುಟಿಯಿಂದ ನೀಲಿ ಚುಕ್ಕೆಯ ಒಂದು ಪುಟ್ಟ ಬಾಲ ಹೊರಗೆ ಆಡುತ್ತಿತ್ತು. ಅವರು ಅಮ್ಮನನ್ನು ನೋಡಿದರು. ಅಮ್ಮ ಅವರನ್ನು ನೋಡಿದರು. ಗುಳಕ್ ಅಂತ ಆ ಬಾಲವೂ ಒಳಗೆ ಹೋಯಿತು. ಅಮ್ಮ ಕಾಫಿ ಅಲ್ಲೇ ಇಟ್ಟು ಎದ್ದರು. ಸಂಜೆಯವರೆಗೆ ಬಹುವಚನ ನಿಂತಿತ್ತು. "ನೋಡು, ಆ ದಿವಾನ ಮಾಡಿದ ಕೆಲಸಾನ" ಅಂತ ಬಂದವರಿಗೆಲ್ಲ ಹೇಳಿದರು. ಉಳಿದ ಗಪ್ಪಿಗಳನ್ನು ಎದುರು ಮನೆಯ ಹುಡುಗನ ಬಟ್ಟಲಿಗೆ ವರ್ಗ ಮಾಡಿದೆವು. ಅಲ್ಲಿ ಅವು ತಿಂಗಳಲ್ಲೇ ಸಂಸಾರ ಬೆಳೆಸಿ ಈಗ ಅವನೇ ಬಂದವರಿಗೆಲ್ಲ ಹಂಚುತ್ತಿದ್ದಾನೆ.

ಪ್ರಾಯಶ್ಚಿತ್ತಕ್ಕೆ ಅಂತ ಅಮ್ಮ ದಿವಾನರಿಗೆ ಏಕಾದಶಿ ಉಪವಾಸ ಶುರು ಮಾಡಿಸಿದರು. ನಾನು ತಡೆಯಲಿಲ್ಲ. ಗೋಲ್ಡ್ ಫಿಶ್‌ಗೆ ಆಗಾಗ ಒಂದು ದಿನ ಊಟ ತಪ್ಪಿಸುವುದು ಒಳ್ಳೆಯದು ಅಂತ ಸಾಕಿದವರೇ ಹೇಳುತ್ತಾರೆ. ದ್ವಾದಶಿ ಪಾರಣೆಗೆ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿ. ಅದೂ ಸರಿಯೇ, ಮಲಬದ್ಧತೆಗೆ ಮೀನು ಸಾಕುವವರೆಲ್ಲ ಕೊಡುವ ಮದ್ದು. ಪಂಚಾಂಗ ನೋಡಿ ಮೀನು ಸಾಕಬಹುದು ಅಂತ ನನಗೆ ಗೊತ್ತಿರಲಿಲ್ಲ.

ಮುಂದಿನ ಸಲ ಬಂದಾಗ ನಾಣಿ ಮಾವ ಕೈಬೀಸಿಕೊಂಡು ಬರಲಿಲ್ಲ. ಸಕ್ಕರ್ ಫಿಶ್ ತಂದಿದ್ದರು. "ಇದು ಕ್ಲೀನಿಂಗ್ ಮೀನು. ಪಾಚಿ ತಿನ್ನುತ್ತೆ. ಇನ್ಮೇಲೆ ನೀನು ಟ್ಯಾಂಕ್ ತೊಳೆಯೋದೇ ಬೇಡ." ಈ ಮಾತು ಎಲ್ಲಿ ಕೇಳಿಕೊಂಡು ಬಂದರು ಅಂತ ಕೇಳಬೇಕಾಗಿರಲಿಲ್ಲ. ಹಗಲೆಲ್ಲ ಅದು ಕಲ್ಲಿನ ಹಿಂದೆ ಮಲಗಿತ್ತು. ರಾತ್ರಿ ನೀರು ಕುಡಿಯಲು ಎದ್ದು ಲೈಟ್ ಹಾಕಿದರೆ ದಿವಾನರು ಟ್ಯಾಂಕಿನ ಉದ್ದಕ್ಕೂ ಓಡುತ್ತಿದ್ದಾರೆ, ಪಕ್ಕೆಗೆ ಸಕ್ಕರ್ ಅಂಟಿಕೊಂಡಿದೆ. ಪಾಚಿ ಬಿಟ್ಟು ಅದು ದಿವಾನರ ಮೈಮೇಲಿನ ಲೋಳೆಯನ್ನು ನೆಕ್ಕುತ್ತಿತ್ತು. ಆ ಲೋಳೆಯೇ ಮೀನಿಗೆ ರಕ್ಷಣೆ, ಅದು ಹೋದರೆ ಗಾಯ, ಸೋಂಕು. ಜಾಲರಿ ಹಾಕಿ ಬಿಡಿಸುವಷ್ಟರಲ್ಲಿ ಮನೆಮಂದಿಯೆಲ್ಲ ಎದ್ದಿದ್ದರು. ಪಕ್ಕೆಯಲ್ಲಿ ದುಂಡಗೆ ಕೆಂಪು ಗುರುತು. ಅಮ್ಮ ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದರು. ಗಂಟೆ ರಾತ್ರಿ ಎರಡು.

"ಕೆರೆಗೆ ಬಿಟ್ಬಿಡಿ, ಪುಣ್ಯ ಬರುತ್ತೆ" ಅಂದರು ಮಾವ ನಿದ್ದೆಗಣ್ಣಲ್ಲಿ. ಯಾರೂ ಆ ಪುಣ್ಯ ಕಟ್ಟಿಕೊಳ್ಳಬೇಡಿ. ಹೀಗೆ ಬಿಟ್ಟ ಸಕ್ಕರ್‌ಗಳೇ ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಹೆಚ್ಚಿಕೊಂಡು, ಬಲೆ ಹರಿದು, ಮೀನುಗಾರರ ಹೊಟ್ಟೆ ಮೇಲೆ ಹೊಡೆಯುತ್ತಿವೆ. ಒಂದಡಿ ಮೀರಿ ಬೆಳೆಯುವ ಪ್ರಾಣಿ ಅದು. ಮಾರನೇ ದಿನ ಅಂಗಡಿಗೇ ವಾಪಸ್ ಕೊಟ್ಟೆ. ದುಡ್ಡು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಇಷ್ಟಾದ ಮೇಲೆ ನನಗೊಂದು ವಿಷಯ ಖಾತ್ರಿಯಾಯಿತು. ಬರುವವರ ಗುಣ ನೋಡಿ ಪ್ರಯೋಜನವಿಲ್ಲ, ಇರುವವರ ಗುಣವೇ ಕಷ್ಟದ್ದು. ವೈಟ್ ಕ್ಲೌಡ್ ಅನ್ನೋ ಚೀನಾದ ಪುಟ್ಟ ಮೀನಿಗೆ ತಣ್ಣೀರು ಚೆನ್ನಾಗಿ ಒಗ್ಗುತ್ತದೆ, ಆದರೆ ಅದೂ ದಿವಾನರ ಬಾಯಿಯ ಅಳತೆಯದ್ದೇ. ಜೀಬ್ರಾ ಡ್ಯಾನಿಯೊ ನಮ್ಮ ದೇಶದ್ದೇ ಮೀನು, ಚುರುಕು, ಕೈಗೆ ಸಿಗುವುದಿಲ್ಲ. ಆದರೆ ಕಾಳು ಹಾಕಿದ ಕ್ಷಣದಲ್ಲಿ ಅದು ತಿಂದು ಮುಗಿಸಿರುತ್ತದೆ, ಇವರು ಇನ್ನೂ ತಿರುಗುತ್ತಿರುತ್ತಾರೆ. ಬಸವನಹುಳು ತಂದರೆ ಅದರ ಮೀಸೆ ಎಳೆಯುತ್ತಾರೆ. ಒಂಟಿ ಬಾಲದ ಕಾಮೆಟ್ ಅವರದೇ ಜಾತಿ, ಆದರೆ ಓಟಗಾರ, ಇವರ ಪಾಲನ್ನೂ ತಿಂದು ಅಡಿ ಉದ್ದ ಬೆಳೆಯುತ್ತದೆ. ಇವರಿಗೆ ಬೇಕಾದದ್ದು ಇವರಷ್ಟೇ ದಪ್ಪ, ಇವರಷ್ಟೇ ನಿಧಾನ, ಇವರಷ್ಟೇ ಹೊಟ್ಟೆಬಾಕ. ಅಂದರೆ ಎರಡು ಬಾಲದ ಇನ್ನೊಂದು ಗೋಲ್ಡ್ ಫಿಶ್.

ಹೀಗೆ ಬ್ಲ್ಯಾಕ್ ಮೂರ್ ಬಂತು. ಕಾಡಿಗೆ ಕಪ್ಪು ಬಣ್ಣ, ಎರಡೂ ಕಣ್ಣು ಮುಖದಿಂದ ಹೊರಗೆ. ಆ ಕಣ್ಣು ನೋಡಿ ಅಮ್ಮ "ಅಮಲ್ದಾರರು" ಅಂತ ಕರೆದರು. ಮಾವನಿಗಂತೂ ಕಪ್ಪು ಮೀನು ಬಂತು ಅಂತ ಸ್ವರ್ಗ ಮೂರೇ ಗೇಣು.

ಹೊಸ ಮೀನನ್ನು ಬಂದ ಕೂಡಲೇ ಟ್ಯಾಂಕಿಗೆ ಬಿಡುವ ಹಾಗಿಲ್ಲ. ಬಿಳಿ ಚುಕ್ಕೆ ರೋಗ ಗೀಗ ತಂದಿದ್ದರೆ ಹಳಬರಿಗೂ ಅಂಟುತ್ತದೆ. ಎರಡು ಮೂರು ವಾರ ಬೇರೆ ಇಡಬೇಕು. ಮನೆಯಲ್ಲಿ ಇದ್ದ ದೊಡ್ಡ ಪಾತ್ರೆ ಅಂದರೆ ಬಾತ್‌ರೂಮಿನ ನೀಲಿ ಡ್ರಮ್. ಅದನ್ನು ತಿಕ್ಕಿ, ಕ್ಲೋರಿನ್ ಹೋದ ನೀರು ತುಂಬಿ, ಗಾಳಿಯ ಪಂಪ್, ಸ್ಪಾಂಜ್ ಫಿಲ್ಟರ್ ಇಟ್ಟು ಅಮಲ್ದಾರರನ್ನು ಬಿಟ್ಟೆ. ಮುಚ್ಚಳದ ಮೇಲೆ "ಮುಟ್ಟಬೇಡಿ" ಅಂತ ಮಗಳು ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದಳು.

ಆ ಭಾನುವಾರ ನಾಣಿ ಮಾವ ಬಂದು ನಮ್ಮಲ್ಲೇ ಉಳಿದರು. ಬೆಳಿಗ್ಗೆ ಕರೆಂಟ್ ಇಲ್ಲ. ಗೀಸರ್ ಇಲ್ಲ, ಪಂಪಿನ ಗುಳುಗುಳು ಸದ್ದೂ ಇಲ್ಲ. ಅಮ್ಮ ಗ್ಯಾಸ್ ಮೇಲೆ ನೀರು ಕಾಯಿಸಿ ಬಕೆಟ್ಟಿಗೆ ಸುರಿದು ಕೊಟ್ಟರು. ಮಾವ ಕನ್ನಡಕ ಹೊರಗಿಟ್ಟು, ಮೊಬೈಲ್ ಟಾರ್ಚ್ ಕಿಟಕಿಯ ಮೇಲಿಟ್ಟು ಒಳಗೆ ಹೋದರು. ನೀರು ಸುಡುತ್ತಿತ್ತು. ಹದ ಮಾಡಿಕೊಳ್ಳಲು ಡ್ರಮ್ಮಿನ ಮುಚ್ಚಳ ಸರಿಸಿ ಒಂದು ಮಗ್ ತಣ್ಣೀರು ಮೊಗೆದರು. ಇನ್ನೇನು ಬಕೆಟ್ಟಿಗೆ ಸುರಿಯಬೇಕು, ಮಗ್ಗಿನೊಳಗಿಂದ ಎರಡು ಕಣ್ಣು ಅವರನ್ನು ದಿಟ್ಟಿಸಿದವು.

"ಅಕ್ಕಾ!" ಅನ್ನೋ ಕೂಗು ಕೆಳಗಿನ ಮನೆಯವರಿಗೂ ಕೇಳಿಸಿತು. ಮಾವ ಟವಲ್ಲಿನಲ್ಲಿ ಹೊರಗೆ ಬಂದರು. ಒಂದು ಕೈಯಲ್ಲಿ ಟವಲ್ಲಿನ ಗಂಟು, ಇನ್ನೊಂದು ಕೈಯಲ್ಲಿ ಮಗ್. ಪುಣ್ಯಕ್ಕೆ ಎರಡನ್ನೂ ಬಿಟ್ಟಿರಲಿಲ್ಲ.

ಅಮಲ್ದಾರರಿಗೆ ಏನೂ ಆಗಲಿಲ್ಲ. ಈಗ ದಿವಾನರ ಜೊತೆಯಲ್ಲೇ ಇದ್ದಾರೆ. ಕಾಳು ಹಾಕಿದರೆ ಒಬ್ಬರಿಗೆ ಕಣ್ಣು ಸರಿ ಕಾಣಿಸುವುದಿಲ್ಲ, ಇನ್ನೊಬ್ಬರಿಗೆ ಬೇಗ ತಿರುಗಲು ಆಗುವುದಿಲ್ಲ. ಹಾಗಾಗಿ ಜಗಳವಿಲ್ಲ. ಮಾವನ ಕಥೆಯೇ ಬೇರೆ. ವರ್ಷಗಟ್ಟಲೆ ನಿಂತುಹೋಗಿದ್ದ ಅವರ ಸೈಟಿನ ಖಾತೆ ಮುಂದಿನ ವಾರವೇ ಆಯಿತು. "ಅಮಲ್ದಾರರೇ ಎದುರಿಗೆ ನಿಂತು ನೋಡಿದ ಮೇಲೆ ಆಗದೆ ಇರುತ್ತೇನೋ?" ಅಂತ ಫೋನಿನಲ್ಲಿ ಕೂಗಿದರು. ನಿನ್ನೆ ಮತ್ತೆ ಮಾಡಿದ್ದರು. ಮಗನಿಗೆ ವೀಸಾ ಇಂಟರ್‌ವ್ಯೂ ಇದೆಯಂತೆ. ಭಾನುವಾರ ಅವನನ್ನೂ ನಮ್ಮ ಮನೆಗೆ ಸ್ನಾನಕ್ಕೆ ಕಳಿಸಲಾ ಅಂತ ಕೇಳುತ್ತಿದ್ದಾರೆ.